ಹೆಜ್ಜೆ ಗಡಿಯಾರದ ಲೆಕ್ಕ ತಪಾಸಣೆ

ಮೊಬೈಲೇ ಹೆಜ್ಜೆ ಎಣಿಸುವಾಗ ಅದಕ್ಕೊಂದು ಗಡಿಯಾರ ಬೇರೆ ಯಾಕೆ ಎಂದು ಕೇಳಿದವರೆಲ್ಲ ಗಂಡಸರು. ಅವರ ಪ್ಯಾಂಟಿಗೆ ಜೇಬಿದೆ. ಸೀರೆಗೆ ಜೇಬಿಲ್ಲ, ನನ್ನ ಚೂಡಿದಾರಗಳಿಗೂ ಇಲ್ಲ. ನನ್ನ ಮೊಬೈಲ್ ಹಗಲೆಲ್ಲ ಮೇಜಿನ ಮೇಲೋ ಕೈಚೀಲದಲ್ಲೋ ಬಿದ್ದಿರುತ್ತದೆ. ಗೋದಾಮಿಗೆ ಹೋಗಿ ಲಾಟು ಲಾಟಾಗಿ ಚೀಲ ಎಣಿಸಿಕೊಂಡು ಬಂದರೂ ಅದರ ಪ್ರಕಾರ ನಾನು ಕುರ್ಚಿಯಿಂದ ಎದ್ದೇ ಇಲ್ಲ. ಮೈಮೇಲೆ ಇರುವ ವಸ್ತುವೇ ಎಣಿಸಬೇಕು, ಹಾಗಾಗಿ ಗಡಿಯಾರ.

ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಭತ್ತ ಬಂದಷ್ಟು, ಅಕ್ಕಿ ಹೋದಷ್ಟು, ನುಚ್ಚು, ತೌಡು, ಹೊಟ್ಟು, ಹಮಾಲಿ ಎಲ್ಲವೂ ಕೂತಲ್ಲೇ. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ ಗಡಿಯಲ್ಲಿ ಬಂದಿತು. 100ರಿಂದ 125ರ ಒಳಗಿದ್ದರೆ ಮಧುಮೇಹ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ ಎಂದು ಡಾಕ್ಟರ್ ವಿವರಿಸಿದರು. "ನಡೆಯಿರಿ ಮೇಡಂ" ಎಂದರು. ಎಷ್ಟು ಎಂದು ಕೇಳಿದೆ. "ಬೆವರು ಬರುವಷ್ಟು" ಎಂದರು. ಗಂಗಾವತಿಯ ಏಪ್ರಿಲ್‌ನಲ್ಲಿ ಬೆವರಲು ನಡೆಯಬೇಕಾಗಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗನನ್ನು ಕೇಳಿದೆ. "ದಿನಕ್ಕೆ ಹತ್ತು ಸಾವಿರ ಹೆಜ್ಜೆ ಚಿಕ್ಕಮ್ಮಾ, ಎಲ್ಲರೂ ಅಷ್ಟೇ ಮಾಡುವುದು" ಎಂದ. ವೋಚರ್ ಇಲ್ಲದ ಅಂಕಿಯನ್ನು ಕಿರ್ದಿಗೆ ಹತ್ತಿಸಿದವಳಲ್ಲ ನಾನು. ಹತ್ತು ಸಾವಿರ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಅದರ ಮೂಲ ಸಿಕ್ಕಿದ್ದು ಯಾವ ಆಸ್ಪತ್ರೆಯಲ್ಲೂ ಅಲ್ಲ, ಜಪಾನಿನ ಮಾರುಕಟ್ಟೆಯಲ್ಲಿ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, ಜನರಲ್ಲಿ ವ್ಯಾಯಾಮದ ಉಮೇದು ಇನ್ನೂ ಇಳಿಯದೆ ಇದ್ದಾಗ, ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಇತ್ತು. ಸರಕಿನ ಹೆಸರು ಹೋಗಿ ವೈದ್ಯರ ಸಲಹೆಯಂತೆ ಉಳಿದುಬಿಟ್ಟಿತು. ಅಮೆರಿಕದಲ್ಲಿ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಆ ಲಾಭ ಏರುವುದು ನಿಂತಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ 2020ರ ಮಾರ್ಗಸೂಚಿಯಲ್ಲಿ ಹೆಜ್ಜೆಯ ಗುರಿಯನ್ನೇ ಇಟ್ಟಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಎಂದು ನಿಮಿಷದಲ್ಲಿ ಹೇಳಿದೆ.

ಅಂಕಿ ಎಷ್ಟು ದೊಡ್ಡದು ಎಂಬುದರ ಚಿಂತೆ ನನಗೆ ಅಲ್ಲಿಗೆ ಕಳೆಯಿತು. ನಿನ್ನೆಯ ಅಂಕಿಯನ್ನೂ ಇವತ್ತಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಬಂದರೆ ಸಾಕು. ನಡೆದಾಗ ಎಣಿಸುವ ಗಡಿಯಾರ ಬೇಕಾದಷ್ಟಿವೆ, ನಡೆಯದಾಗ ಸುಮ್ಮನಿರುವುದು ಯಾವುದು ಎಂಬುದೇ ನನ್ನ ಹುಡುಕಾಟವಾಯಿತು.

ಪೇಟೆಯ ಅಂಗಡಿಯೊಂದಕ್ಕೆ ಹೋದೆ. ನಾಯ್ಸ್, ಬೋಟ್, ಫೈರ್‌ಬೋಲ್ಟ್ ಸಾಲಾಗಿ ಇದ್ದವು. ಅವುಗಳ ಪಕ್ಕದಲ್ಲೇ ಯಾರೂ ಹೆಸರು ಕೇಳಿರದ ಕಂಪನಿಗಳ ಪೆಟ್ಟಿಗೆಗಳೂ ಇದ್ದವು. ಹುಡುಗ ಅಂಥದ್ದೊಂದನ್ನು ಬಿಚ್ಚಿ, ನಿಂತಲ್ಲೇ ಅಲ್ಲಾಡಿಸಿ ತೋರಿಸಿದ. "ನೋಡಿ ಅಕ್ಕಾ, ಎಷ್ಟು ಚೆನ್ನಾಗಿ ಎಣಿಸುತ್ತದೆ!" ಅವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಹೆಜ್ಜೆಯನ್ನೂ ಇಡದೆ ಅರ್ಧ ಫರ್ಲಾಂಗು ನಡೆದಿದ್ದ. ಆಮೇಲೆ ತನ್ನ ಕೊನೆಯ ಅಸ್ತ್ರ ಬಿಟ್ಟ: "ಇದು ಶುಗರ್ ಕೂಡ ತೋರಿಸುತ್ತದೆ, ಸೂಜಿ ಚುಚ್ಚುವ ತೊಂದರೆಯೇ ಇಲ್ಲ." ನನ್ನ ಕಾಯಿಲೆಯನ್ನು ಮುಖದಲ್ಲೇ ಓದಿದನೋ ಏನೋ. ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ಗಡಿಯಾರ, ಉಂಗುರಗಳನ್ನು ನಂಬಬೇಡಿ, ಅಂಥ ಒಂದಕ್ಕೂ ತಾನು ಮಂಜೂರಾತಿ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ತಪ್ಪು ಅಂಕಿ ನೋಡಿ ಇನ್ಸುಲಿನ್ ಏರಿಸಿದವರಿಗೆ ಪ್ರಾಣಕ್ಕೇ ಕುತ್ತು. ಹುಡುಗನಿಗೆ ಇದನ್ನು ಹೇಳಿದೆ. ಅವನು ಪೆಟ್ಟಿಗೆಯನ್ನು ಮುಚ್ಚಿ ಬೇರೆ ಗಿರಾಕಿಯ ಕಡೆ ತಿರುಗಿದ.

ನಮ್ಮ ಮಿಲ್ಲಿನ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆಯವರು ಬಂದು, ಗೊತ್ತಿರುವ ತೂಕದ ಕಲ್ಲುಗಳನ್ನಿಟ್ಟು ನೋಡಿ ಮುದ್ರೆ ಒತ್ತಿ ಹೋಗುತ್ತಾರೆ. ಹೆಜ್ಜೆ ಎಣಿಸುವ ಗಡಿಯಾರಕ್ಕೆ ಮುದ್ರೆ ಒತ್ತುವವರು ಯಾರೂ ಇಲ್ಲ. ಹಾಗಾದರೆ ಕಲ್ಲು ನಾನೇ ಇಡಬೇಕು. ಸಹೋದ್ಯೋಗಿಯ ಬಳಿ ಹೆಜ್ಜೆ ಎಣಿಸುವ, ಸಾವಿರದೈನೂರು ರೂಪಾಯಿಯ ಒಂದು ಕೈಪಟ್ಟಿ (ಬ್ಯಾಂಡ್) ಇತ್ತು, ತಂಗಿಯ ಬಳಿ ನಾಲ್ಕು ಸಾವಿರದ ಗಡಿಯಾರ. ಎರಡನ್ನೂ ಕೇಳಿ ತಂದು ಒಂದೊಂದು ಕೈಗೆ ಒಂದೊಂದು ಕಟ್ಟಿಕೊಂಡೆ. ಮನೆಯವರು ನೋಡಿ ನಕ್ಕರು.

ಮೊದಲ ಪರೀಕ್ಷೆ ಸಾವಿರ ಹೆಜ್ಜೆ. ಮುಷ್ಟಿಯಲ್ಲಿ ಹತ್ತು ಹುಣಸೆ ಬೀಜ ಹಿಡಿದು, ನೂರಕ್ಕೊಂದರಂತೆ ಕೆಳಗೆ ಹಾಕುತ್ತಾ ಕಾಲುವೆ ದಂಡೆಯ ಮೇಲೆ ನಡೆದೆ. ತುಂಗಭದ್ರಾ ಎಡದಂಡೆ ನಾಲೆಯ ಲೆಕ್ಕ ಇವತ್ತಿಗೂ ಮೈಲಿನಲ್ಲೇ ಇದೆ. ನೀರು ಬಿಟ್ಟಾಗಲೆಲ್ಲ ಪತ್ರಿಕೆಯವರು 47ನೇ ಮೈಲು, 69ನೇ ಮೈಲು ಎಂದೇ ಬರೆಯುತ್ತಾರೆ. ಗಡಿಯಾರಗಳು ಕಿಲೋಮೀಟರಿನವು. ಇರಲಿ, ಹೆಜ್ಜೆಗೆ ಎರಡೂ ಒಂದೇ. ಕೈ ಬೀಸಿ ನೇರ ನಡೆದಾಗ ಅಗ್ಗದ್ದು ಇಪ್ಪತ್ತು ಹೆಜ್ಜೆ ಹೆಚ್ಚು ತೋರಿಸಿತು, ದುಬಾರಿಯದು ಹತ್ತು ಕಡಿಮೆ. ಹೆಚ್ಚೆಂದರೆ ಶೇಕಡಾ ಎರಡರ ತಪ್ಪು. ಭತ್ತದ ತೇವಾಂಶದಲ್ಲಿ ನಾವು ಇದಕ್ಕಿಂತ ಹೆಚ್ಚು ಜಗಳಾಡುತ್ತೇವೆ. ಬೆಳಗಿನ ನಡಿಗೆಗೆ ಮಾತ್ರ ಗಡಿಯಾರ ಬೇಕು ಎನ್ನುವವರು ಇಲ್ಲಿಯೇ ಓದುವುದನ್ನು ನಿಲ್ಲಿಸಿ, ಸಾವಿರದೈನೂರರದ್ದನ್ನು ಕೊಂಡುಕೊಳ್ಳಬಹುದು.

ತೊಂದರೆ ಉಳಿದ ಹೊತ್ತಿನದು. ಬೆಳಗ್ಗೆ ಜೋಳದ ರೊಟ್ಟಿ ಬಡಿಯುವಾಗ ಬಲಗೈಯ ಗಡಿಯಾರ ಓಡತೊಡಗಿತು. ಒಲೆಯ ಮುಂದಿನಿಂದ ಕದಲದೆ ನಾನು ಕಾಲು ಕಿಲೋಮೀಟರು ದಾಟಿದ್ದೆ. ರೊಟ್ಟಿಯನ್ನು ಮೆಲ್ಲಗೆ ತಿರುಗಿಸುವ ಎಡಗೈ ಬಹುತೇಕ ಸುಮ್ಮನಿತ್ತು. ಗಡಿಯಾರಕ್ಕೆ ಕಾಲು ಕಾಣುವುದಿಲ್ಲ. ಅದರೊಳಗೆ ವೇಗದ ಏರಿಳಿತವನ್ನು ಮೂರು ದಿಕ್ಕಿನಲ್ಲಿ ಗ್ರಹಿಸುವ ಪುಟ್ಟ ಸಂವೇದಕ ಇದೆ. ಒಂದೇ ಲಯದಲ್ಲಿ ಏರು, ಇಳಿವು ಬಂದರೆ ಅದನ್ನು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ, ಮತ್ತು ರೊಟ್ಟಿ ಬಡಿಯುವವಳ ಲಯ ಯಾವ ನಡಿಗೆಗೂ ಕಡಿಮೆಯಲ್ಲ. ಒಳ್ಳೆಯ ಗಡಿಯಾರಗಳು ಲಯ ಕೆಲವು ಹೆಜ್ಜೆಗಳಷ್ಟು ಕಾಲ ಸತತವಾಗಿ ಬಂದ ಮೇಲೆಯೇ ಎಣಿಕೆಗೆ ಹಚ್ಚುತ್ತವೆ. ಅದರಿಂದ ಇನ್ನೊಂದು ನಷ್ಟವಿದೆ: ಅಡುಗೆಮನೆಯಿಂದ ಪಡಸಾಲೆಗೆ ಐದಾರು ಹೆಜ್ಜೆ ಓಡಾಡಿದ್ದು ಜಮಾ ಆಗುವುದೇ ಇಲ್ಲ. ಎರಡು ತಪ್ಪುಗಳಲ್ಲಿ ನಾನು ಆರಿಸಿದ್ದು ಕಡಿಮೆ ತೋರಿಸುವ ತಪ್ಪನ್ನು.

ಮಿಲ್ಲಿನ ಹಮಾಲರಲ್ಲಿ ಒಬ್ಬರು ಕುತೂಹಲದಿಂದ ತಾವೂ ಕಟ್ಟಿಕೊಂಡರು. ತಲೆಯ ಮೇಲೆ ಚೀಲ, ಅದನ್ನು ಹಿಡಿಯಲು ಎತ್ತಿದ ಕೈ, ಲಾರಿಯಿಂದ ಗೋದಾಮಿಗೆ ಮಧ್ಯಾಹ್ನದವರೆಗೆ ಓಡಾಟ. ಊಟದ ಹೊತ್ತಿಗೆ ನೋಡಿದರೆ ದಿನವೆಲ್ಲ ಕುರ್ಚಿಯಲ್ಲಿದ್ದ ನನ್ನ ಅಂಕಿಗಿಂತ ಸ್ವಲ್ಪವೇ ಹೆಚ್ಚು. "ಅಕ್ಕಾ, ಇದು ಬರಿಗೈಯಲ್ಲಿ ನಡೆಯುವವರಿಗೆ ಮಾಡಿದ್ದು" ಎಂದು ಬಿಚ್ಚಿ ಕೊಟ್ಟರು. ಅವರು ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ತಳ್ಳುಗಾಡಿ ತಳ್ಳುವವರಿಗೆ, ಮಗು ಎತ್ತಿಕೊಂಡವರಿಗೆ, ಕೊಡೆ ಹಿಡಿದವರಿಗೆ ಆಗುವುದೂ ಇದೇ.

ಸ್ಕೂಟರಿನ ಪರೀಕ್ಷೆ ತಾನಾಗಿಯೇ ನಡೆಯಿತು. ಕಾರಟಗಿ ರಸ್ತೆಯಲ್ಲಿ ಹೋಗಿ ಬರುವಷ್ಟರಲ್ಲಿ ಅಗ್ಗದ ಪಟ್ಟಿ ಕೆಲವು ನೂರು ಹೆಜ್ಜೆ ಕೂಡಿಸಿತ್ತು. ರಸ್ತೆಯ ಗುಂಡಿಗಳು ನನ್ನ ಆರೋಗ್ಯಕ್ಕೆ ಕೊಟ್ಟ ಕೊಡುಗೆ ಎಂದುಕೊಂಡೆ. ತಂಗಿಯ ಗಡಿಯಾರ ಸುಮ್ಮನಿತ್ತು.

ಇಷ್ಟರಲ್ಲಿ ನಡಿಗೆಯ ನಡುನಡುವೆ ಓಡಲು ಶುರು ಮಾಡಿದ್ದೆ. ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ, ಅದೂ ಬೆಳಕು ಹರಿಯುವ ಮುಂಚೆ, ಯಾರೂ ನೋಡದಂತೆ. ಓಟ ಬಂದ ಮೇಲೆ ಗಡಿಯಾರಗಳ ಬಂಡವಾಳ ಬಯಲಾಯಿತು. ಆನೆಗುಂದಿ ಕಡೆಯ ರಸ್ತೆಯಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಓಡಿ ನೋಡಿದೆ. ನಡುವೆ ಇನ್ನೂರು ಮೀಟರಿಗೊಂದರಂತೆ 2, 4, 6, 8 ಎಂದು ಬರೆದ ಚಿಕ್ಕ ಕಲ್ಲುಗಳೂ ಸಿಗುತ್ತವೆ. ಲೋಕೋಪಯೋಗಿಯವರು ನಮಗಾಗಿ ನೆಟ್ಟ ಅಳತೆಗೋಲು ಅದು, ಪುಕ್ಕಟೆ. ಒಂದು ಕಿಲೋಮೀಟರ್ ಓಡಿದರೆ ಅಗ್ಗದ ಪಟ್ಟಿ 0.7 ಎಂದಿತು. ಸಿಟ್ಟು ಬರುವ ಮುಂಚೆ ಲೆಕ್ಕ ಮಾಡಿದೆ. ನನ್ನ ಎತ್ತರ ಐದಡಿಗೆ ತುಸು ಹೆಚ್ಚು. ಎತ್ತರಕ್ಕೆ ತಕ್ಕಂತೆ ನಡಿಗೆಯ ಹೆಜ್ಜೆಗೆ ಸುಮಾರು 64 ಸೆಂಟಿಮೀಟರ್ ಎಂದು ಅದು ಊಹಿಸಿಕೊಂಡಿದೆ. ಓಡುವಾಗ ನನ್ನ ಹೆಜ್ಜೆ ಹತ್ತಿರ ಹತ್ತಿರ 90 ಸೆಂಟಿಮೀಟರ್. ಸಾವಿರದ ನೂರು ಹೆಜ್ಜೆಯನ್ನು 64ರಿಂದ ಗುಣಿಸಿದರೆ ಬರುವುದು 0.7 ಕಿಲೋಮೀಟರೇ. ಗುಣಾಕಾರ ಸರಿಯಾಗಿತ್ತು, ದರ ತಪ್ಪಾಗಿತ್ತು.

ಇದಕ್ಕೆ ಮದ್ದು ಜಿಪಿಎಸ್, ಉಪಗ್ರಹಗಳ ಸಂಕೇತದಿಂದ ನಾವಿರುವ ಜಾಗ ಗುರುತಿಸಿ ದೂರ ಅಳೆಯುವ ವ್ಯವಸ್ಥೆ. ತಂಗಿಯ ಗಡಿಯಾರದ ಪೆಟ್ಟಿಗೆಯ ಮೇಲೆ ಜಿಪಿಎಸ್ ಎಂದು ದೊಡ್ಡದಾಗಿಯೇ ಇತ್ತು. ಆದರೆ ಮೊಬೈಲ್ ಮನೆಯಲ್ಲಿಟ್ಟು ಓಡಿದ ದಿನ ಅದೂ ಊಹೆಗೆ ಇಳಿಯಿತು. ಒಳಗಿನ ಕಾಗದವನ್ನು ಬಿಡಿಸಿ ಓದಿದರೆ, ಉಪಗ್ರಹದ ಸಂಕೇತ ಹಿಡಿಯುವುದು ಮೊಬೈಲು, ಗಡಿಯಾರ ಅದರಿಂದ ಕಡ ಪಡೆಯುತ್ತದೆ. ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳಲ್ಲಿ ನನ್ನ ಪ್ರಕಾರ ಇದೇ ದೊಡ್ಡದು: ಜಿಪಿಎಸ್ ಗಡಿಯಾರದ ಒಳಗೇ ಇದೆಯೋ, ಮೊಬೈಲಿನಿಂದ ಬರುತ್ತದೆಯೋ? ಅಂಗಡಿಯವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಮೊಬೈಲ್ ಆಫ್ ಮಾಡಿ ಹೊರಗೆ ಬಯಲಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಒಳಗೇ ಇರುವುದು ಕೂಡ ಮೊದಲ ಸಲ ಉಪಗ್ರಹಗಳನ್ನು ಹಿಡಿಯಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಅವು ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿವೆ, ಅಷ್ಟು ತಾಳ್ಮೆ ನಮಗೂ ಇರಬೇಕು. ಗದ್ದೆ ಬಯಲಿನ ನಮ್ಮ ರಸ್ತೆಗಳಲ್ಲಿ ಸಂಕೇತಕ್ಕೆ ಅಡ್ಡಿಯೇ ಇಲ್ಲ. ಪೇಟೆಯ ಓಣಿಗಳಲ್ಲಿ ಗೋಡೆಗಳಿಗೆ ಬಡಿದು ಬರುವುದರಿಂದ ನಾನು ಯಾರದ್ದೋ ಮನೆಯ ಮಾಳಿಗೆಯ ಮೇಲೆ ಓಡಿದಂತೆ ನಕ್ಷೆ ತೋರಿಸಿತು.

ಎದೆಬಡಿತದ ಅಂಕಿ ಇನ್ನೊಂದು ತಲೆನೋವು. ಓಡುವಾಗ ಅಗ್ಗದ ಪಟ್ಟಿ 168 ಎಂದಿತು. 220ರಿಂದ ವಯಸ್ಸು ಕಳೆಯುವ ಒರಟು ಲೆಕ್ಕದಲ್ಲಿ ನನಗೆ ಗರಿಷ್ಠವೇ 174. ಆದರೆ ನಾನು ಜೊತೆಗಿದ್ದ ಗೆಳತಿಯೊಂದಿಗೆ ಆರಾಮವಾಗಿ ಮಾತಾಡುತ್ತಿದ್ದೆ. ನಿಂತು ಕುತ್ತಿಗೆಯ ನಾಡಿ ಹಿಡಿದು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ 140ರ ಆಸುಪಾಸು. ನಿಮಿಷಕ್ಕೆ ಇಡುತ್ತಿದ್ದ ಹೆಜ್ಜೆ ಎಷ್ಟೆಂದು ನೋಡಿದೆ: 168! ಗಡಿಯಾರ ಚರ್ಮದ ಮೇಲೆ ಹಸಿರು ಬೆಳಕು ಹಾಯಿಸಿ, ರಕ್ತ ಎಷ್ಟನ್ನು ಹೀರಿತು ಎಂಬ ಏರಿಳಿತದಿಂದ ಬಡಿತ ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಅದು ಪ್ರತಿ ಹೆಜ್ಜೆಗೂ ಕುಣಿಯುತ್ತದೆ, ಆ ಕುಣಿತವನ್ನೇ ಎದೆಬಡಿತ ಎಂದುಕೊಳ್ಳುತ್ತದೆ. ನನ್ನದು ಸಡಿಲವಾಗಿದ್ದದ್ದು ಬಳೆಗಳಿಂದ. ಬಳೆಗಳನ್ನು ಮುಂದಕ್ಕೆ ಬಿಟ್ಟು, ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದ ಮೇಲೆ ಬಹುಮಟ್ಟಿಗೆ ಸರಿಹೋಯಿತು. ಗಾಜಿನ ಬಳೆಯ ಕೈಗೆ ಗಡಿಯಾರ ಹೇಗೆ ಕಟ್ಟಬೇಕೆಂದು ಯಾವ ಕಂಪನಿಯ ಕೈಪಿಡಿಯಲ್ಲೂ ನನಗೆ ಸಿಗಲಿಲ್ಲ.

ಅಕ್ಕನ ಮಗ ರಜೆಗೆ ಬಂದಾಗ ಗೆಳೆಯನ ಹಳೆಯ ಗಾರ್ಮಿನ್ ಫೋರ್‌ರನ್ನರ್ 55 ಎಂಬ ಓಟಗಾರರ ಗಡಿಯಾರ ತಂದಿದ್ದ. ಗೆಳೆಯ ಹೊಸದು ಕೊಂಡಿದ್ದರಿಂದ ಅದನ್ನು ಮಾರುವವನಿದ್ದ. 2021ರಲ್ಲಿ ಬಂದ ಮಾದರಿ, ಆಗ ಇಪ್ಪತ್ತು ಸಾವಿರದ ಮೇಲಿತ್ತು. ಶನಿವಾರ ಎಲ್ಲರೂ ಅಂಜನಾದ್ರಿಗೆ ಹೊರಟಿದ್ದರಿಂದ ಅದನ್ನೂ ಅಗ್ಗದ ಪಟ್ಟಿಯನ್ನೂ ಕಟ್ಟಿಕೊಂಡು ಹೊರಟೆ. ಅಲ್ಲಿ 575 ಮೆಟ್ಟಿಲು, ಊರಿಗೆಲ್ಲ ಗೊತ್ತಿರುವ ಅಂಕಿ. ಇದಕ್ಕಿಂತ ಒಳ್ಳೆಯ ಕಲ್ಲು ಎಲ್ಲಿ ಸಿಕ್ಕೀತು? ಹತ್ತುವಾಗ ಬೀಸುತ್ತಿದ್ದ ಬಲಗೈಯ ಗಾರ್ಮಿನ್ ಆರುನೂರ ಮೂವತ್ತರ ಹತ್ತಿರ ತೋರಿಸಿತು. ನಡುನಡುವೆ ಸಮತಟ್ಟಿನ ಜಾಗಗಳಿವೆ, ಕೋತಿಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದದ್ದಿದೆ, ಹೆಚ್ಚುವರಿ ಅಲ್ಲಿಯದು. ಕಂಬಿ ಹಿಡಿದಿದ್ದ ಎಡಗೈಯ ಪಟ್ಟಿ ನಾನೂರನ್ನು ಸ್ವಲ್ಪ ದಾಟಿತ್ತು. ಇದರಲ್ಲಿ ಪಟ್ಟಿಯ ತಪ್ಪಿಗಿಂತ ಕಂಬಿಯ ತಪ್ಪು ಹೆಚ್ಚು ಎನಿಸಿ, ಇಳಿಯುವಾಗ ಗಡಿಯಾರಗಳನ್ನು ಅದಲುಬದಲು ಮಾಡಿದೆ. ಈಗ ಕಂಬಿ ಹಿಡಿದ ಕೈಯಲ್ಲಿದ್ದ ಗಾರ್ಮಿನ್ ಕೂಡ ಸೋತಿತು, ಆದರೆ ಕಡಿಮೆ ಅಂತರದಿಂದ. ಎಷ್ಟು ಮಹಡಿ ಹತ್ತಿದೆ ಎಂದು ಹೇಳಲು ಗಾಳಿಯ ಒತ್ತಡ ಅಳೆಯುವ ಸಂವೇದಕ ಬೇಕು. ಈ ಎರಡರಲ್ಲೂ ಅದಿಲ್ಲ. ಬೆಟ್ಟ ಗುಡ್ಡಗಳ ನಮ್ಮ ಸೀಮೆಯಲ್ಲಿ ಅದು ಇದ್ದಿದ್ದರೆ ಚೆನ್ನಾಗಿತ್ತು, ಆದರೆ ಅದಕ್ಕಾಗಿ ಇನ್ನಷ್ಟು ಸಾವಿರ ಹಾಕಲು ನಾನು ತಯಾರಿರಲಿಲ್ಲ.

ಆ ಗಾರ್ಮಿನ್ ಕೊಳ್ಳಲು ನನ್ನನ್ನು ಒಪ್ಪಿಸಿದ್ದು ಹೆಜ್ಜೆ ಲೆಕ್ಕಕ್ಕಿಂತ ಅದರ ಪರದೆ. ತಂಗಿಯ ಗಡಿಯಾರದ ಅಮೋಲೆಡ್ ಪರದೆ, ಅಂದರೆ ಚುಕ್ಕೆ ಚುಕ್ಕೆಯೂ ತಾನೇ ಬೆಳಕು ಸೂಸುವ ಪರದೆ, ರಾತ್ರಿ ಮದುವೆ ಮನೆಯಂತೆ ಬೆಳಗುತ್ತದೆ. ಬೆಳಗಿನ ಎಂಟರ ಬಿಸಿಲಲ್ಲಿ ಅಂಗೈ ಮರೆ ಮಾಡಿದರೆ ಮಾತ್ರ ಕಾಣಿಸುತ್ತಿತ್ತು. ಹೊಸ, ದುಬಾರಿ ಅಮೋಲೆಡ್‌ಗಳು ಈ ವಿಷಯದಲ್ಲಿ ಬಹಳ ಸುಧಾರಿಸಿವೆ, ನನ್ನ ಕೈಗೆ ಸಿಕ್ಕದ್ದು ಹಾಗಿರಲಿಲ್ಲ. ಫೋರ್‌ರನ್ನರಿನ ಪರದೆ ಮಂಕು, ನೋಡಲು ಏನೇನೂ ಅಂದವಿಲ್ಲ, ಆದರೆ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುತ್ತದೆ. ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ಬೇರೇನು ಬೇಕು? ಮುಟ್ಟುವ ಪರದೆ ಅದಕ್ಕಿಲ್ಲ, ಐದು ಗುಂಡಿಗಳಿವೆ. ಬೆವರಿದ ಬೆರಳು, ಹಿಟ್ಟಿನ ಬೆರಳು, ಮಿಲ್ಲಿನ ಹೊಟ್ಟಿನ ದೂಳು ಮೆತ್ತಿದ ಬೆರಳು, ಯಾವುದಾದರೂ ನಡೆಯುತ್ತದೆ. ಹಾಡು ತುಂಬಿಕೊಳ್ಳುವುದಿಲ್ಲ, ಕರೆ ಮಾಡುವುದಿಲ್ಲ. ಕೈಗೆ ಬರುವ ಸಂದೇಶಗಳ ಆಸೆಯನ್ನು ನಾನು ಮೊದಲೇ ಬಿಟ್ಟಿದ್ದೆ, ಅಗ್ಗದ ಪಟ್ಟಿಯಲ್ಲಿ ಕನ್ನಡದ ಸಂದೇಶ ಬಂದರೆ ಸಾಲು ಸಾಲು ಖಾಲಿ ಚೌಕಗಳು ಕಾಣುತ್ತಿದ್ದವು.

ಬಳಸಿದ ಗಡಿಯಾರ ಕೊಳ್ಳುವಾಗ ಎರಡು ಕೆಲಸ ಮಾಡಿಸಿಕೊಳ್ಳಬೇಕು. ಮೊದಲಿನವರು ತಮ್ಮ ಖಾತೆಯಿಂದ ಅದನ್ನು ತೆಗೆದುಹಾಕಿ, ಒಳಗಿನದನ್ನೆಲ್ಲ ಅಳಿಸಿ ಕೊಡಬೇಕು. ಮತ್ತು ಪೂರ್ತಿ ಚಾರ್ಜು ಮಾಡಿ, ಜಿಪಿಎಸ್ ಹಾಕಿ ಒಂದು ತಾಸು ಓಡಿಸಿ ಎಷ್ಟು ಇಳಿಯಿತೆಂದು ನೋಡಬೇಕು. ಹೊಸದಿದ್ದಾಗ ಜಿಪಿಎಸ್ ಹಾಕಿದರೆ 20 ತಾಸು ಎಂದು ಕಂಪನಿ ಹೇಳುತ್ತದೆ, ಅಂದರೆ ತಾಸಿಗೆ ಶೇಕಡಾ 5. ನನ್ನದು 7 ಇಳಿಯಿತು. ಸವೆತ ಕಳೆದು ದರ ಮಾಡಿದೆ, ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಬಂತು. "ಗಡಿಯಾರಕ್ಕೂ ಸವಕಳಿ ಹಾಕುತ್ತೀಯಾ?" ಎಂದು ಮನೆಯವರು ಕೇಳಿದರು. ಹಾಕದೆ ಬಿಡುವವರು ಯಾರು?

ಈಗ ಅದನ್ನು ಎಡಗೈಗೆ ಕಟ್ಟುತ್ತೇನೆ, ರೊಟ್ಟಿಗೆ ಕೂತಾಗ ಬಿಚ್ಚಿಡುತ್ತೇನೆ. ಬೇಸಿಗೆಯಲ್ಲಿ ಪಟ್ಟಿಯ ಕೆಳಗೆ ಬೆವರುಸಾಲೆ ಎದ್ದಿತ್ತು. ಓಟ ಮುಗಿದ ಕೂಡಲೇ ತೊಳೆದು ಒರೆಸಿ, ರಾತ್ರಿ ತೆಗೆದಿಡತೊಡಗಿದ ಮೇಲೆ ಹೋಯಿತು. ನಿದ್ದೆಯ ಅಂಕಿ ಸಿಗದ ನಷ್ಟ ನನಗೇನೂ ತಟ್ಟಿಲ್ಲ. ಗುರಿಯನ್ನು ಹತ್ತು ಸಾವಿರಕ್ಕೆ ಇಟ್ಟಿಲ್ಲ, ಹಿಂದಿನ ದಿನಗಳ ನಡಿಗೆ ನೋಡಿ ತಾನೇ ಏರಿಸಿ ಇಳಿಸುವ ವ್ಯವಸ್ಥೆ ಅದರಲ್ಲಿದೆ, ಅದಕ್ಕೇ ಬಿಟ್ಟಿದ್ದೇನೆ.

ಅತ್ತೆ ಇಷ್ಟು ದಿನ ಎಲ್ಲವನ್ನೂ ನೋಡುತ್ತಿದ್ದವರು, "ನನಗೂ ಒಂದು ತರಿಸವ್ವಾ, ಹುಣ್ಣಿಮೆಗೆ ಹುಲಿಗಿ ಅಮ್ಮನ ಗುಡಿಗೆ ನಡೆದು ಹೋಗುವಾಗ ನೋಡುತ್ತೇನೆ" ಎಂದರು. ಅವರು ಊರುಗೋಲು ಹಿಡಿದು ನಡೆಯುತ್ತಾರೆ, ಇನ್ನೊಂದು ಕೈಯಲ್ಲಿ ಹೂವು ಕಾಯಿಯ ಚೀಲ. ಕೈಗೆ ಕಟ್ಟುವುದು ಯಾವುದೂ ಅವರ ಹೆಜ್ಜೆಯನ್ನು ಸರಿಯಾಗಿ ಎಣಿಸಲಾರದು ಎನಿಸಿತು. ಹಾಗಾಗಿ ಸೊಂಟಕ್ಕೆ ಸಿಕ್ಕಿಸುವ ಹಳೆಯ ಬಗೆಯ ಹೆಜ್ಜೆಮಾಪಕವನ್ನು ತರಿಸಿದೆ. ಅದಕ್ಕೆ ಮೊಬೈಲೂ ಬೇಡ, ಚಾರ್ಜೂ ಬೇಡ, ಬಟನ್ ಸೆಲ್ಲಿನಿಂದ ತಿಂಗಳುಗಟ್ಟಲೆ ನಡೆಯುತ್ತದೆ, ಅಂಕಿ ದೊಡ್ಡದಾಗಿ ಕಾಣುತ್ತದೆ. ಹುಣಸೆ ಬೀಜ ಹಿಡಿದು ಅಂಗಳದಲ್ಲಿ ಅವರ ಜೊತೆ ನಡೆದು ನೋಡಿದೆ. ನೂರಕ್ಕೆ ತೊಂಬತ್ತಾರು ಬಂತು. ಸೀರೆಯ ನೆರಿಗೆಗೆ ಸಿಕ್ಕಿಸಿದರೆ ಜಾರುತ್ತದೆ, ಲಂಗದ ದಾರಕ್ಕೆ ಸಿಕ್ಕಿಸಿದರೆ ನಿಲ್ಲುತ್ತದೆ.